ಉದ್ಯೋಗ ಮೇಳ ಇರ್ಲಿ, ಸಂಜೆ ಹೊತ್ತು ಬಾಗಿಲು ತೆಗೆದಿರೋ ಒಂದು ಜಾಗ ಕೊಡಿ

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ನಿಮ್ಮ ಪತ್ರಿಕೇಲಿ ಉದ್ಯೋಗ ಮೇಳದ ಸುದ್ದಿ ನೋಡಿದೆ. ದೊಡ್ಡ ಫೋಟೋ ಹಾಕಿದ್ರಿ, ಫೈಲ್ ಹಿಡ್ಕೊಂಡು ಹುಡುಗ ಹುಡುಗೀರು ಕ್ಯೂ ನಿಂತಿದ್ರು, ಸ್ಟೇಜ್ ಮೇಲೆ ಯಥಾಪ್ರಕಾರ ದೀಪ ಹಚ್ಚೋ ಕಾರ್ಯಕ್ರಮ. ಮೇಳ ಮಾಡ್ಬೇಡಿ ಅಂತ ನಾನು ಹೇಳಲ್ಲ, ಡಿಗ್ರಿ ಮುಗಿಸಿ ಮನೇಲಿ ಕೂತಿರೋ ಮಕ್ಕಳಿಗೆ ಏನೋ ಒಂದು ಅನುಕೂಲ ಆಗುತ್ತೆ, ಆಗ್ಲಿ. ಆದ್ರೆ ಪ್ರತಿ ಮೇಳ ಆದಾಗ್ಲೂ ಯಾರಾದ್ರೂ ಒಬ್ರು ಮೈಕ್ ಹಿಡ್ಕೊಂಡು, ಹಿಂದುಳಿದ ಬಡಾವಣೆಯವರು ಇಂಥ ಅವಕಾಶ ಬಳಸ್ಕೊಳ್ತಿಲ್ಲ ಅಂತಾರಲ್ಲ, ಅದನ್ನ ಕೇಳಿದ್ರೆ ಮೈ ಉರಿಯುತ್ತೆ. ಮೇಳ ನಡೆಯೋದು ವಾರದ ದಿನ, ಬೆಳಿಗ್ಗೆ ಶುರುವಾಗಿ ಸಂಜೆ ಹೊತ್ತಿಗೆ ಮುಗಿಯುತ್ತೆ. ಆ ಹೊತ್ತಲ್ಲಿ ನಮ್ಮ ಕಡೆ ಗಂಡಸರು ಗಾರೆ ಕೆಲಸ, ಪೇಂಟಿಂಗ್, ಆಟೋ, ಹಣ್ಣಿನ ಗಾಡಿ ಅಂತ ಹೋಗಿರ್ತಾರೆ, ಹೆಂಗಸರು ಎರಡು ಮೂರು ಮನೆ ಕೆಲಸ ಮುಗಿಸಿ ಬಂದು ಅಗರಬತ್ತಿ ಹೊಸೆಯೋಕೆ, ಬೀಡಿ ಕಟ್ಟೋಕೆ ಕೂತಿರ್ತಾರೆ. ಅದೂ ಸಾವಿರಕ್ಕೆ ಇಷ್ಟು ಅಂತ ಲೆಕ್ಕ, ಕೈ ನಿಂತ್ರೆ ಕಾಸು ನಿಂತಂಗೆ. ಕೆಲಸ ಹುಡುಕೋಕೆ ಅಂತ ಒಂದಿನದ ಕೆಲಸ ಬಿಟ್ಟು ಯಾರು ಹೋಗ್ತಾರೆ ಸ್ವಾಮಿ?

ನಾನು ಮೈಸೂರಿನ ಉದಯಗಿರಿ ಕಡೆ ಒಂದು ಸಣ್ಣ ಆನ್‌ಲೈನ್ ಸೆಂಟರ್ ಇಟ್ಕೊಂಡಿರೋನು. ಜೆರಾಕ್ಸ್, ಲ್ಯಾಮಿನೇಶನ್, ಆಧಾರ್ ಪ್ರಿಂಟ್, ಕ್ಯಾಸ್ಟ್ ಇನ್‌ಕಂ ಅರ್ಜಿ, ರೇಷನ್ ಕಾರ್ಡ್, ಇಂಥವೇ ಕೆಲಸ. ಬೆಳಿಗ್ಗೆ ಬರೋರು ಬಹಳಷ್ಟು ಕಾಲೇಜು ಮಕ್ಕಳು, ಸ್ಕಾಲರ್‌ಶಿಪ್ ಅರ್ಜಿಗೆ. ಆದ್ರೆ ರಾತ್ರಿ ಏಳರ ಮೇಲೆ ಬರೋ ಜನಾನೇ ಬೇರೆ. ಮೂವತ್ತು ನಲವತ್ತರ ಆಜೂಬಾಜು ಇರೋರು, ಬಟ್ಟೆ ಮೇಲೆ ಇನ್ನೂ ಸಿಮೆಂಟ್ ಧೂಳು ಇರುತ್ತೆ, ಇಲ್ಲಾ ಕಂಕುಳಲ್ಲಿ ಮಗು ಇರುತ್ತೆ. ಮೊದಲು ರೀಚಾರ್ಜ್ ಅಂತಾರೆ, ಜೆರಾಕ್ಸ್ ಅಂತಾರೆ, ಬೇರೆ ಗಿರಾಕಿಗಳೆಲ್ಲ ಹೋಗ್ಲಿ ಅಂತ ಕಾಯ್ತಾರೆ, ಆಮೇಲೆ ಮೆಲ್ಲಗೆ ಕೇಳ್ತಾರೆ, "ಅಣ್ಣ, ನಂದು ಎಸ್ಸೆಸ್ಸೆಲ್ಸೀಲಿ ಮ್ಯಾತ್ಸ್ ಹೋಗೈತೆ, ಅದೂ ಹದಿನೈದು ವರ್ಷ ಆಗೋಯ್ತು, ಈಗ ಕಟ್ಬೋದಾ?" ಕಟ್ಬೋದು ಅಂದ್ರೆ ಮುಖ ಅರಳುತ್ತೆ. ಎಲ್ಲಿ ಹೇಳ್ಕೊಡ್ತಾರೆ ಅಂತ ಕೇಳಿದ್ರೆ ಮಾತ್ರ ನನ್ ಹತ್ರ ಉತ್ತರ ಇಲ್ಲ.

ಈ ಎಸ್ಸೆಸ್ಸೆಲ್ಸಿ ಅನ್ನೋದು ನಮ್ಮ ಜನಕ್ಕೆ ಎಂಥಾ ಗೋಡೆ ಅಂತ ಓದಿಕೊಂಡಿರೋರಿಗೆ ಅಷ್ಟಾಗಿ ಗೊತ್ತಿಲ್ಲ. ಫ್ಯಾಕ್ಟರಿ ಲೈನಲ್ಲಿ ಹೆಲ್ಪರ್ ಆಗಿ ಸೇರೋಕೆ ಹೋದ್ರೂ ಮಾರ್ಕ್ಸ್ ಕಾರ್ಡ್ ತೋರ್ಸು ಅಂತಾರೆ. ಸೆಕ್ಯೂರಿಟಿ ಕೆಲಸದಲ್ಲಿ ಗಾರ್ಡ್ ಆಗಿದ್ದೋನು ಸೂಪರ್‌ವೈಸರ್ ಆಗ್ಬೇಕಾದ್ರೂ ಅದೇ. ಅಂಗನವಾಡಿ ಸಹಾಯಕಿ ಕೆಲಸಕ್ಕೂ ಈಗ ಎಸ್ಸೆಸ್ಸೆಲ್ಸಿ ಪಾಸಾಗಿರ್ಬೇಕು, ವಯಸ್ಸು 35 ದಾಟಿರಬಾರ್ದು. ಹತ್ತು ವರ್ಷದಿಂದ ಮಕ್ಕಳನ್ನ ಸಾಕಿ ಸಲಹಿ, ಅಕ್ಕಪಕ್ಕದೋರ ಮಕ್ಕಳನ್ನೂ ನೋಡ್ಕೊಂಡಿರೋ ಹೆಂಗಸಿಗೆ ಆ ಕೆಲಸ ಹೇಳಿ ಮಾಡಿಸಿದಂಗಿದೆ, ಆದ್ರೆ ಒಂದು ಸಬ್ಜೆಕ್ಟ್ ಹೋಗಿದ್ದಕ್ಕೆ ಅರ್ಜೀನೇ ಹಾಕಂಗಿಲ್ಲ, ಅದನ್ನ ಕಟ್ಟಿ ಪಾಸ್ ಮಾಡೋ ಹೊತ್ತಿಗೆ ವಯಸ್ಸು ಮುಗಿದೋಗಿರುತ್ತೆ. ಒಳ್ಳೇ ಸುದ್ದಿ ಏನಪ್ಪ ಅಂದ್ರೆ 2024ರಲ್ಲಿ ಬೋರ್ಡ್‌ನೋರು ವರ್ಷಕ್ಕೆ ಮೂರು ಪರೀಕ್ಷೆ ಮಾಡೋಕೆ ಶುರು ಮಾಡಿದ್ರು, ಪರೀಕ್ಷೆ 1, 2, 3 ಅಂತ. ಒಂದರಲ್ಲಿ ಹೋದ ಸಬ್ಜೆಕ್ಟನ್ನ ಅದೇ ವರ್ಷ ಇನ್ನೊಂದರಲ್ಲಿ ಬರೀಬೋದು. ಅದಕ್ಕೆ ಮೊದಲು ಸಪ್ಲಿಮೆಂಟರಿ ಅಂತ ಒಂದೇ ಒಂದು ಚಾನ್ಸ್ ಇತ್ತು, ಅದೂ ಹೋದ್ರೆ ಮುಂದಿನ ವರ್ಷ ನೋಡ್ಕೋ ಅಂತಿದ್ರು. ದೊಡ್ಡೋರಾದ ಮೇಲೆ ಓದೋರಿಗೆ ಇದಕ್ಕಿಂತ ದೊಡ್ಡ ಉಪಕಾರ ಸರ್ಕಾರ ಈಚೆಗೆ ಮಾಡಿಲ್ಲ ಅಂತ ನನ್ನ ಅಭಿಪ್ರಾಯ. ಆದ್ರೆ ನಮ್ಮ ಬೀದೀಲಿ ನಿಂತು ಕೇಳಿ ನೋಡಿ, ಹಳೇ ಫೇಲ್‌ಗಳಿಗೆ ಈ ವಿಷಯಾನೇ ಗೊತ್ತಿಲ್ಲ. ಶಾಲೆ ಮಕ್ಕಳಿಗೆ ಮೇಷ್ಟ್ರು ಹೇಳ್ತಾರೆ, ಗಾರೆ ಕೆಲಸದೋನಿಗೆ ಯಾರು ಹೇಳ್ಬೇಕು?

ಇನ್ನು ಕೆಲಸ ಹುಡುಕೋ ವಿಷ್ಯಕ್ಕೆ ಬರ್ತೀನಿ. ಎಲ್ಲಾ ಆನ್‌ಲೈನ್ ಆಗಿದೆ, ಮೊಬೈಲಲ್ಲೇ ಆಗುತ್ತೆ ಅಂತಾರೆ. ಕೇಂದ್ರದ್ದು ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್ 2015ರಿಂದ ಇದೆ, ರಾಜ್ಯದ್ದು ಸ್ಕಿಲ್ ಕನೆಕ್ಟ್ ಇದೆ, ಎರಡೂ ಫ್ರೀ, ಎರಡೂ ಒಳ್ಳೇವೇ. ಆದ್ರೆ ಒಬ್ಬ ಮನುಷ್ಯನ ಹೆಸರು ನೋಂದಾಯಿಸೋಕೆ ಕೂತ್ರೆ ಏನಾಗುತ್ತೆ ಅಂತ ನನ್ ಅಂಗಡೀಲಿ ಬಂದು ನೋಡಿ. ಮೊದಲು ಓಟಿಪಿ. ಆಧಾರ್‌ಗೆ ಕೊಟ್ಟಿರೋ ನಂಬರ್ ಯಾವ್ದೋ ಹಳೇ ಸಿಮ್, ರೀಚಾರ್ಜ್ ಮಾಡ್ಸದೇ ಅದು ಬೇರೆಯೋರಿಗೆ ಹೋಗಿದೆ. ಇಲ್ಲಾ ಗಂಡನ ಫೋನ್ ನಂಬರ್ ಕೊಟ್ಟಿದ್ದಾರೆ, ಗಂಡ ಕೇರಳಕ್ಕೆ ಕೆಲಸಕ್ಕೆ ಹೋಗಿದ್ದಾನೆ, ಅವನಿಗೆ ಫೋನ್ ಮಾಡಿ, ಅವನು ಮೆಸೇಜ್ ಓದಿ ಹೇಳೋ ಹೊತ್ತಿಗೆ ಓಟಿಪಿ ಟೈಮ್ ಮುಗಿದೋಗುತ್ತೆ. ಆಮೇಲೆ ಇಮೇಲ್ ಐಡಿ, ಹಿಂದೆ ಯಾವ್ದೋ ಸೆಂಟರ್‌ನೋನು ತಾನೇ ಮಾಡಿಕೊಟ್ಟಿದ್ದು, ಪಾಸ್‌ವರ್ಡ್ ಅವನಿಗೂ ನೆನಪಿಲ್ಲ ಇವರಿಗೂ ಗೊತ್ತಿಲ್ಲ.

ಇದೆಲ್ಲ ದಾಟಿದ್ರೆ ಬರೋದು ಹೆಸರಿನ ತಕರಾರು. ಮಾರ್ಕ್ಸ್ ಕಾರ್ಡಲ್ಲಿ ಮಂಜುಳ ಎಂ., ಆಧಾರಲ್ಲಿ ಮಂಜುಳಮ್ಮ, ಬ್ಯಾಂಕ್ ಪಾಸ್‌ಬುಕ್ಕಲ್ಲಿ ಗಂಡನ ಹೆಸರು ಸೇರಿಸಿ ಇನ್ನೊಂದು. ಹುಟ್ಟಿದ ದಿನ ಬೇಕಾದಷ್ಟು ಜನಕ್ಕೆ ಜನವರಿ 1, ಮೇಷ್ಟ್ರು ಬರ್ಕೊಂಡಿದ್ದು. ಕಂಪನಿಗೆ ಸೇರಿದ ಮೇಲೆ ಪಿಎಫ್ ಖಾತೆ ತೆಗೆಯೋಕೆ ಎಲ್ಲಾ ಕಡೆ ಒಂದೇ ಥರ ಇರ್ಬೇಕು, ಇಲ್ಲಾಂದ್ರೆ ದುಡಿದ ದುಡ್ಡೇ ಸಿಕ್ಕಾಕೊಳ್ಳುತ್ತೆ. ಆಧಾರಲ್ಲಿ ಹೆಸರು ತಿದ್ದೋಕೆ ಎರಡೇ ಸಲ ಅವಕಾಶ, ಹುಟ್ಟಿದ ದಿನಕ್ಕೆ ಒಂದೇ ಸಲ. ಅದು ಗೊತ್ತಿಲ್ದೆ ರೇಷನ್ ಕಾರ್ಡಿಗೆ ಒಂದ್ಸಲ, ಸ್ತ್ರೀ ಶಕ್ತಿ ಸಂಘದ ಸಾಲಕ್ಕೆ ಒಂದ್ಸಲ ಅಂತ ಹೆಸರು ತಿದ್ಸಿ ಮುಗಿಸಿರೋರು ಇದ್ದಾರೆ, ಕೆಲಸಕ್ಕೆ ಬೇಕಾದಾಗ ಬಾಗಿಲು ಬಂದ್. ಯಾವುದನ್ನ ಮೊದಲು ತಿದ್ಸ್ಬೇಕು, ಯಾವುದಕ್ಕೆ ಯಾವ ದಾಖಲೆ ಅಂತ ಕೂತು ಹೇಳೋ ಒಬ್ಬ ಮನುಷ್ಯ ಬೇಕಲ್ವಾ? ನಾನು ಹೇಳ್ತೀನಿ, ಗೊತ್ತಿದ್ದಷ್ಟು. ಆದ್ರೆ ನನಗೂ ಹೊಟ್ಟೆಪಾಡು, ಹಿಂದೆ ಆರು ಜನ ನಿಂತಿರ್ತಾರೆ, ಅರ್ಜಿಗೆ ಮೂವತ್ತೋ ಐವತ್ತೋ ತಗೊಂಡು ಮುಗಿಸಿ ಕಳಿಸ್ಬೇಕಾಗುತ್ತೆ.

ಇಂಥ ಕಡೇನೇ ಬ್ರೋಕರ್‌ಗಳು ಹುಟ್ಟಿಕೊಳ್ಳೋದು. ಹೆಬ್ಬಾಳು ಇಂಡಸ್ಟ್ರಿಯಲ್ ಏರಿಯಾದಲ್ಲಿ ಪರ್ಮನೆಂಟ್ ಮಾಡಿಸ್ಕೊಡ್ತೀನಿ, ಯೂನಿಫಾರ್ಮಿಗೆ ಇಷ್ಟು ಡೆಪಾಸಿಟ್ಟಿಗೆ ಇಷ್ಟು ಅಂತ ವಸೂಲಿ ಮಾಡ್ತಾರೆ, ಮೂರು ತಿಂಗಳು ಕಾಂಟ್ರ್ಯಾಕ್ಟಲ್ಲಿ ದುಡಿಸಿ ಬಿಡಿಸ್ತಾರೆ. ಈಗ ವಾಟ್ಸಾಪಲ್ಲಿ ಇನ್ನೊಂದು ಶುರುವಾಗಿದೆ, ಮನೇಲೇ ಕೂತು ಟೈಪಿಂಗ್ ಮಾಡಿ ತಿಂಗಳಿಗೆ ಇಪ್ಪತ್ತು ಸಾವಿರ, ರಿಜಿಸ್ಟ್ರೇಶನ್ ಫೀ ಮಾತ್ರ ಮೊದಲು ಕಟ್ಟಿ. ಅಗರಬತ್ತಿ ಹೊಸೆದು ಕೂಡಿಟ್ಟ ದುಡ್ಡು ಹಂಗೆ ಹೋಗಿರೋದನ್ನ ಕಣ್ಣಾರೆ ನೋಡಿದ್ದೀನಿ. ಕೆಲಸ ಕೊಡೋರು ಯಾವತ್ತೂ ದುಡ್ಡು ಕೇಳಲ್ಲ, ಕೇಳಿದ್ರೆ ಅದು ಮೋಸ, ಕಟ್ಟಿಬಿಟ್ಟಿದ್ರೆ ತಕ್ಷಣ ಸೈಬರ್ ಮೋಸದ ದೂರಿನ ನಂಬರ್ 1930ಕ್ಕೆ ಫೋನ್ ಮಾಡಿ ಅಂತ ಅಂಗಡಿ ಗೋಡೆ ಮೇಲೆ ಬರೆದು ಅಂಟಿಸಿದ್ದೀನಿ. ಓದೋಕೆ ಬರೋರು ಓದ್ತಾರೆ.

ಹಾಂ, ಅದು ಇನ್ನೊಂದು ವಿಷಯ. ನಮ್ಮ ಕಡೆ ಉರ್ದು ಮನೆಗಳು ಜಾಸ್ತಿ, ಎಲ್ರೂ ಚೆನ್ನಾಗೇ ಕನ್ನಡ ಮಾತಾಡ್ತಾರೆ, ವ್ಯಾಪಾರ ಜಗಳ ಎಲ್ಲಾ ಕನ್ನಡದಲ್ಲೇ, ಆದ್ರೆ ದೊಡ್ಡೋರಲ್ಲಿ ಸುಮಾರು ಜನಕ್ಕೆ ಕನ್ನಡ ಅಕ್ಷರ ಬರಲ್ಲ. ಬಾಡಿಗೆ ಗಾಡಿ, ಲಾರಿ ಓಡಿಸೋ ಡ್ರೈವಿಂಗ್ ಲೈಸೆನ್ಸಿಗೆ ಓದಿನ ಅರ್ಹತೆ ಬೇಕಿಲ್ಲ ಅಂತ 2019ರಲ್ಲಿ ಕೇಂದ್ರದೋರು 8ನೇ ಕ್ಲಾಸಿನ ನಿಯಮ ತೆಗೆದ್ರು, ಒಳ್ಳೇದಾಯ್ತು, ಆದ್ರೆ ಮೊದಲು ಕೊಡೋ ಕಲಿಕಾ ಲೈಸೆನ್ಸಿನ, ಅಂದ್ರೆ ಎಲ್‌ಎಲ್‌ಆರ್, ಟೆಸ್ಟ್ ಕಂಪ್ಯೂಟರ್ ಮುಂದೆ ಕೂತು ಓದಿ ಒತ್ಬೇಕಲ್ಲ. ಗಾಡಿ ಓಡಿಸೋದ್ರಲ್ಲಿ ಪಂಟ, ಟೆಸ್ಟಲ್ಲಿ ಫೇಲು. ಮೂರು ತಿಂಗಳು ಸಂಜೆ ಒಂದೊಂದು ಗಂಟೆ ಕೂತು ಅಕ್ಷರ ಕಲಿಸಿದ್ರೆ ಮುಗಿಯೋ ಕೆಲಸ ಅದು.

ಸರ್ಕಾರದ ಯೋಜನೆಗಳು ಇಲ್ವಾ ಅಂದ್ರೆ ಬೇಕಾದಷ್ಟಿವೆ, ಆದ್ರೆ ನಾನು ಹೇಳ್ತಿರೋ ಜನ ಎಲ್ಲಾದರ ಮಧ್ಯದ ಸಂದೀಲಿ ಬಿದ್ದುಬಿಟ್ಟಿದ್ದಾರೆ. ಯುವನಿಧಿ ಇದೆ, ಡಿಗ್ರಿ ಆದೋರಿಗೆ ತಿಂಗಳಿಗೆ 3000, ಡಿಪ್ಲೊಮಾದೋರಿಗೆ 1500, ಎರಡು ವರ್ಷ. 2022-23ರಿಂದ ಈಚೆಗೆ ಪಾಸಾದೋರಿಗೆ ಅದು. ಓದೇ ಬಾರದೋರಿಗೆ ಕೇಂದ್ರದ ಉಲ್ಲಾಸ್ ಸಾಕ್ಷರತಾ ಕಾರ್ಯಕ್ರಮ ಇದೆ, 15 ವರ್ಷ ಮೇಲ್ಪಟ್ಟೋರಿಗೆ, ಅದು ನಡೆಯೋದು ಸಂಬಳ ಇಲ್ಲದ ಸ್ವಯಂಸೇವಕರ ಮೇಲೆ. ಐಟಿಐನಲ್ಲಿ ವೆಲ್ಡರ್, ವೈರ್‌ಮನ್ ಅಂಥ ಟ್ರೇಡ್‌ಗೆ 8ನೇ ಕ್ಲಾಸ್ ಆಗಿದ್ರೂ ಸಾಕು, ಆದ್ರೆ ಹಗಲೆಲ್ಲ ಅಲ್ಲಿ ಕೂತ್ರೆ ಮನೆ ನಡೆಸೋರ್ಯಾರು? ಒಂಬತ್ತೋ ಹತ್ತೋ ಓದಿ ಬಿಟ್ಟು, ಇವತ್ತು ಮೂವತ್ತೆಂಟು ವರ್ಷ ಆಗಿರೋ ಮನುಷ್ಯನಿಗೆ ಇದ್ರಲ್ಲಿ ಯಾವ್ದು? ಈ ವಿಷಯದಲ್ಲಿ ಕಸುಬುದಾರರಿಗೆ ಅಂತ ಕೇಂದ್ರ ಮಾಡಿರೋ ಪಿಎಂ ವಿಶ್ವಕರ್ಮ ಯೋಜನೆಯೋರು ಬುದ್ಧಿ ಓಡಿಸಿದ್ದಾರೆ ಅಂತ ಒಪ್ಕೋಬೇಕು, 2023ರ ಸೆಪ್ಟೆಂಬರಲ್ಲಿ ಶುರುವಾಗಿದ್ದು, ಟ್ರೈನಿಂಗ್‌ಗೆ ಬಂದ್ರೆ ದಿನಕ್ಕೆ 500 ಕೊಡ್ತಾರೆ. ಕಲಿಯೋಕೆ ಬಂದೋನ ಕೂಲಿ ಹೋಗುತ್ತೆ ಅನ್ನೋದು ಅಲ್ಲಿ ಯಾರಿಗೋ ಹೊಳೆದಿದೆ. ಆದ್ರೆ ಅದು 18 ಕಸುಬಿಗೆ ಮಾತ್ರ, ಟೈಲರ್, ಗಾರೆ, ಬಡಗಿ, ಕ್ಷೌರಿಕ, ಹೂ ಕಟ್ಟೋರು ಎಲ್ಲಾ ಇದ್ದಾರೆ. ಅಗರಬತ್ತಿ ಹೊಸೆಯೋರು ಆ ಪಟ್ಟೀಲಿ ಇಲ್ಲ, ಬೀಡಿಯೋರೂ ಇಲ್ಲ. ಮೈಸೂರು ಅಂದ್ರೆ ಅಗರಬತ್ತಿ ಅಂತ ಪ್ರಪಂಚಕ್ಕೆಲ್ಲ ಪರಿಮಳ ಕಳಿಸ್ತೀವಿ, ಬಿಡಿ.

ಇನ್ನೊಂದು ವಿಚಿತ್ರ ನೋಡಿ. ಹಳ್ಳಿ ಕಡೆ ಪಂಚಾಯ್ತಿಗಳಲ್ಲಿ ಈಗ ಅರಿವು ಕೇಂದ್ರ ಅಂತ ಲೈಬ್ರರಿ ಇದೆ, ಕಂಪ್ಯೂಟರ್ ಇಟ್ಟಿದ್ದಾರೆ, ಕೂಲಿಗೆ ಹೋಗೋ ತಾಯಂದಿರ ಮಕ್ಕಳಿಗೆ ಕೂಸಿನ ಮನೆ ಅಂತ ಮಾಡಿದ್ದಾರೆ. ಎಲ್ಲಾ ಕಡೆ ಚೆನ್ನಾಗಿ ನಡೀತಿದೆ ಅಂತ ನಾನು ಸರ್ಟಿಫಿಕೇಟ್ ಕೊಡ್ತಿಲ್ಲ, ಆದ್ರೆ ಯೋಚನೆ ಸರಿಯಾಗಿದೆ, ಊರಿಗೊಂದು ಜಾಗ. ಅದೇ ಮೈಸೂರು ನಗರದೊಳಗೆ ಕೇಸರೆ, ರಾಜೇಂದ್ರನಗರ, ಗಾಂಧಿನಗರ, ಶಾಂತಿನಗರ, ಕ್ಯಾತಮಾರನಹಳ್ಳಿ ಕಡೆ ಬಂದ್ರೆ ಸಿಟಿ ಅಂದ್ಮೇಲೆ ಎಲ್ಲಾ ಇದ್ದೇ ಇರುತ್ತೆ ಅಂತ ಬಿಟ್ಟುಬಿಟ್ಟಿದ್ದಾರೆ. ಇದೆ, ಎಲ್ಲೋ ದೂರದಲ್ಲಿದೆ. ಮುಕ್ತ ವಿಶ್ವವಿದ್ಯಾನಿಲಯ 1996ರಿಂದ ನಮ್ಮೂರಲ್ಲೇ ಮುಕ್ತಗಂಗೋತ್ರೀಲಿದೆ, ದೊಡ್ಡ ಸಂಸ್ಥೆ, ಆದ್ರೆ ಹತ್ತನೇ ಕ್ಲಾಸೇ ದಾಟಿಲ್ಲದೋರಿಗೆ ಅದು ಬಸ್ಸಿಂದ ಕಾಣೋ ಬಿಲ್ಡಿಂಗ್ ಅಷ್ಟೇ.

ನಮ್ಮ ಜನಕ್ಕೆ ಓದೋ ಆಸೆ ಇಲ್ಲ ಅನ್ನೋ ಮಾತನ್ನ ಮಾತ್ರ ದಯವಿಟ್ಟು ಯಾರೂ ಹೇಳ್ಬೇಡಿ. ಇಲ್ಲೇ ರಾಜೀವನಗರದಲ್ಲಿ ಸೈಯದ್ ಇಸಾಕ್ ಅವರ ಲೈಬ್ರರಿ ಇದ್ದಿದ್ದು ಎಲ್ರಿಗೂ ಗೊತ್ತು. ತನಗೆ ಓದೋ ಭಾಗ್ಯ ಸಿಗ್ಲಿಲ್ಲ, ಬೇರೆಯೋರಾದ್ರೂ ಓದ್ಲಿ ಅಂತ ಕೂಲಿ ಮಾಡ್ತಿದ್ದ ಮನುಷ್ಯ ಒಂದು ಶೆಡ್ಡಲ್ಲಿ ಸುಮಾರು 11 ಸಾವಿರ ಪುಸ್ತಕ ಜೋಡಿಸಿದ್ರು, ದಿನಾ ಪೇಪರ್ ತರಿಸಿ ಇಡ್ತಿದ್ರು, ಅದ್ರಲ್ಲಿ ಬಹುಪಾಲು ಕನ್ನಡವೇ. 2021ರ ಏಪ್ರಿಲಲ್ಲಿ ಅದು ಬೆಂಕಿಗೆ ಆಹುತಿ ಆದಾಗ ಎಲ್ಲೆಲ್ಲಿಂದಲೋ ಜನ ಪುಸ್ತಕ ಕೊಡ್ತೀವಿ, ದುಡ್ಡು ಕೊಡ್ತೀವಿ ಅಂತ ಮುಂದೆ ಬಂದ್ರು, ಮಂತ್ರಿಗಳೂ ಮಾತಾಡಿದ್ರು. ಸರ್ಕಾರ ಮಾಡ್ಬೇಕಾಗಿದ್ದ ಕೆಲಸಾನ ಒಬ್ಬ ಕೂಲಿಯೋರು ಮಾಡಿದ್ರು ಅನ್ನೋದನ್ನ ಆಗ ಯಾರೂ ನಾಚಿಕೆ ವಿಷಯ ಅಂತ ಅಂದ್ಕೊಳ್ಳಲಿಲ್ಲ, ಹೆಮ್ಮೆ ಅಂದ್ಕೊಂಡ್ರು. ನನಗೆ ಎರಡೂ ಅನಿಸಿತ್ತು.

ಹಣ ಎಲ್ಲಿಂದ ಅಂತ ಕೇಳ್ತಾರೆ. ನಾವೆಲ್ಲ ಕಟ್ಟೋ ಮನೆ ಕಂದಾಯದಲ್ಲಿ ಲೈಬ್ರರಿ ಸೆಸ್ ಅಂತ 6 ಪರ್ಸೆಂಟ್ ಇದೆ, 1965ರ ಗ್ರಂಥಾಲಯ ಕಾಯ್ದೆ ಪ್ರಕಾರ, ರಸೀದಿ ತೆಗೆದು ನೋಡಿ. ಇಪ್ಪತ್ತು ಮೂವತ್ತರ ಸೈಟಲ್ಲಿ ಮನೆ ಕಟ್ಕೊಂಡಿರೋರೂ ಕಟ್ತಾರೆ. ಮೈಸೂರಲ್ಲಿ 65 ವಾರ್ಡ್ ಇವೆ, ಯಾವ ವಾರ್ಡಿಂದ ಎಷ್ಟು ಸೆಸ್ ಬಂತು, ಗ್ರಂಥಾಲಯ ಇಲಾಖೆಗೆ ಎಷ್ಟು ಹೋಯ್ತು, ಅದ್ರಲ್ಲಿ ನಮ್ಮ ಕಡೆ ಎಷ್ಟು ಖರ್ಚಾಯ್ತು ಅಂತ ಪಾಲಿಕೆಯೋರು ಒಂದು ಪಟ್ಟಿ ಹಾಕ್ಲಿ. 2023ರ ನವೆಂಬರಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದು ಆಡಳಿತಾಧಿಕಾರಿ ಕೈಗೆ ಹೋದ್ಮೇಲೆ ಕೇಳೋಕೆ ನಮಗೆ ಮನೆ ಹತ್ರ ಒಬ್ರು ಸಿಗೋದೂ ತಪ್ಪಿತು, ಅದಕ್ಕೇ ನಿಮ್ಮ ಮೂಲಕ ಕೇಳ್ತಿದ್ದೀನಿ.

ಹೊಸ ಬಿಲ್ಡಿಂಗ್ ಬೇಡ, ಶಂಕುಸ್ಥಾಪನೆನೂ ಬೇಡ. ಪ್ರತಿ ಏರಿಯಾದಲ್ಲೂ ಸರ್ಕಾರಿ ಶಾಲೆ ಇದೆ, ಸಂಜೆ ನಾಲ್ಕೂವರೆಗೆ ಬೀಗ ಬೀಳುತ್ತೆ. ಅದ್ರಲ್ಲಿ ಎರಡು ರೂಮು, ಆರೂವರೆಯಿಂದ ಒಂಬತ್ತೂವರೆವರೆಗೆ, ಭಾನುವಾರ ಇಡೀ ದಿನ. ಒಂದು ರೂಮಲ್ಲಿ ಎಸ್ಸೆಸ್ಸೆಲ್ಸಿ ಗಣಿತ, ಇಂಗ್ಲಿಷ್, ವಿಜ್ಞಾನ, ಜೊತೆಗೆ ಕನ್ನಡ ಅಕ್ಷರ. ಇನ್ನೊಂದರಲ್ಲಿ ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಮತ್ತೆ ಸಂಬಳ ತಗೊಂಡು ಕೂರೋ ಒಬ್ಬ ಮನುಷ್ಯ, ಅರ್ಜಿ ತುಂಬಿಸೋಕೆ, ರೆಸ್ಯೂಮ್ ಮಾಡೋಕೆ, ಹೆಸರಿನ ತಕರಾರು ಬಿಡಿಸೋಕೆ, ಯಾವ ಕಂಪನೀಲಿ ನಿಜವಾಗ್ಲೂ ಕೆಲಸ ಖಾಲಿ ಇದೆ ಅಂತ ಫೋನ್ ಮಾಡಿ ಕೇಳೋಕೆ. ಸಂಬಳ ಅನ್ನೋದನ್ನ ಒತ್ತಿ ಹೇಳ್ತೀನಿ. ಸ್ವಯಂಸೇವಕ ಅಂದ್ರೆ ಎರಡು ವಾರ ಉತ್ಸಾಹ, ಮೂರನೇ ವಾರ ಮದುವೆ ಸೀಸನ್ನು. ಇವರು ಅದೇ ಬೀದಿಯೋರಾದ್ರೆ ಇನ್ನೂ ಒಳ್ಳೇದು, ಡಿಗ್ರಿ ಮಾಡಿ ಮನೇಲಿರೋ ಹೆಣ್ಣುಮಕ್ಕಳು ಎಷ್ಟು ಜನ ಇಲ್ಲ ನಮ್ಮಲ್ಲಿ.

ಮಕ್ಕಳನ್ನ ಕೂರಿಸೋಕೆ ಜಾಗ ಇಲ್ದಿದ್ರೆ ಹೆಂಗಸರು ಬರಲ್ಲ, ಅದನ್ನ ಮೊದಲ ದಿನಾನೇ ಯೋಚನೆ ಮಾಡ್ಬೇಕು, ಆಮೇಲೆ ನೋಡೋಣ ಅಂತ ಬಿಟ್ರೆ ಕ್ಲಾಸ್ ಖಾಲಿ. ಅಲ್ಲೇ ಮೂಲೇಲಿ ಒಂದು ಜಮಖಾನ, ನೋಡ್ಕೊಳ್ಳೋಕೆ ಒಬ್ಬ ಅಜ್ಜಿ ಇದ್ರೂ ನಡೆಯುತ್ತೆ. ಬೀದಿ ದೀಪ ಉರೀಬೇಕು. ಇನ್ನು ಕೆಲಸ ಸಿಕ್ಕಿದ ಮೇಲಿನ ಕಥೆ, ಉದಯಗಿರಿಯಿಂದ ಫ್ಯಾಕ್ಟರಿಗಳಿರೋ ಕೂರ್ಗಳ್ಳಿಗೋ ಹೂಟಗಳ್ಳಿಗೋ ಹೋಗ್ಬೇಕು ಅಂದ್ರೆ ಊರಿನ ಈ ತುದಿಯಿಂದ ಆ ತುದಿ, ಸಿಟಿ ಬಸ್ ಸ್ಟ್ಯಾಂಡಲ್ಲಿ ಇಳಿದು ಇನ್ನೊಂದು ಬಸ್ ಹಿಡೀಬೇಕು. 2023ರ ಜೂನಿಂದ ಹೆಂಗಸರಿಗೆ ಟಿಕೆಟ್ ಇಲ್ಲ, ಅದ್ರಿಂದ ಕೆಲಸಕ್ಕೆ ಹೋಗೋರು ಜಾಸ್ತಿ ಆಗಿದ್ದಾರೆ, ನಾನೇ ನೋಡ್ತಿದ್ದೀನಿ, ಆದ್ರೆ ಬೆಳಿಗ್ಗೆ ಆರರ ಶಿಫ್ಟಿಗೆ ತಲುಪೋ ಥರ ಬಸ್ ಬಿಟ್ರೆ ತಾನೇ ಫ್ರೀ ಅನ್ನೋದಕ್ಕೆ ಅರ್ಥ. ಈ ವಿಷಯ ಇನ್ನೊಂದು ಪತ್ರಕ್ಕೆ ಇಟ್ಕೋತೀನಿ.

ಇದೇನು ಅಮೆರಿಕದಿಂದ ತರ್ಬೇಕಾದ ಐಡಿಯಾ ಅಲ್ಲ. ದೊಡ್ಡೋರಿಗೆ ಓದು ಕಲಿಸೋ ವಯಸ್ಕರ ಶಿಕ್ಷಣ ಸಮಿತಿ 1940ರ ದಶಕದಲ್ಲೇ ಇದೇ ಮೈಸೂರಲ್ಲಿ ಕೆಲಸ ಮಾಡ್ತಿತ್ತು, ಅಕ್ಷರ ಕಲಿತೋರು ಮತ್ತೆ ಮರೀಬಾರ್ದು ಅಂತ ಅವರಿಗೇ ಸರಳ ಕನ್ನಡದಲ್ಲಿ ಬೆಳಕು ಅನ್ನೋ ವಾರಪತ್ರಿಕೆ ತರ್ತಿದ್ರು. ಆಗ ಬಹಳ ಕಡೆ ಕರೆಂಟೇ ಇರ್ಲಿಲ್ಲ, ಆದ್ರೂ ರಾತ್ರಿ ಶಾಲೆ ನಡೆಸಿದ್ರು. ಹಗಲೆಲ್ಲ ದುಡಿಯೋನು ಓದೋದು ರಾತ್ರಿ ಅನ್ನೋದು ಅವರಿಗೆ ಯಾರೂ ಹೇಳ್ಕೊಡ್ಬೇಕಾಗಿರ್ಲಿಲ್ಲ.

ರಿಟೈರ್ಡ್ ಮೇಷ್ಟ್ರುಗಳು, ಟೀಚರಮ್ಮಂದಿರು ಈ ಪತ್ರ ಓದ್ತಿದ್ರೆ, ವಿಶೇಷವಾಗಿ ಗಣಿತದೋರು, ದಯವಿಟ್ಟು ಪತ್ರಿಕೆಗೆ ಬರೆದು ತಿಳಿಸಿ, ಕಲಿಯೋರನ್ನ ಕರ್ಕೊಂಡು ಬರೋ ಜವಾಬ್ದಾರಿ ನಮ್ಮ ಬೀದಿಯೋರದ್ದು. ಕ್ಷೇತ್ರ ಶಿಕ್ಷಣಾಧಿಕಾರಿ, ಅಂದ್ರೆ ಬಿಇಓ ಸಾಹೇಬ್ರು, ಶಾಲೆ ಬೀಗದ ಕೈ ಕೊಡೋಕೆ ಯಾವ ಆದೇಶ ಬೇಕು, ಯಾರ ಸಹಿ ಬೇಕು ಅಂತ ಹೇಳ್ಲಿ, ಅಲೆದು ತರ್ತೀವಿ. ಸಂಪಾದಕರೇ, ನಿಮ್ಮ ಹತ್ರ ನನ್ನ ಕೋರಿಕೆ ಇಷ್ಟೇ, ಎಸ್ಸೆಸ್ಸೆಲ್ಸಿ ಖಾಸಗಿ ಅಭ್ಯರ್ಥಿಗಳು, ಹಳೇ ಫೇಲಾದೋರು ಅರ್ಜಿ ಹಾಕೋ ಕೊನೇ ದಿನಾಂಕ ಬಂದಾಗ ಅದನ್ನ ಒಳಪುಟದಲ್ಲಿ ಸಣ್ಣಕ್ಷರದಲ್ಲಿ ಹಾಕ್ಬೇಡಿ, ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿ, ಕಡೇ ದಿನ ಅಲ್ಲ, ಹದಿನೈದು ದಿನ ಮುಂಚೆ. ನಾನು ಅದನ್ನ ಜೆರಾಕ್ಸ್ ಮಾಡಿ ಟೀ ಅಂಗಡಿ, ಸಲೂನು, ನ್ಯಾಯಬೆಲೆ ಅಂಗಡಿ ಎಲ್ಲಾ ಕಡೆ ಅಂಟಿಸ್ತೀನಿ.

ಇಂತಿ,
ಉದಯಗಿರಿಯ ಒಬ್ಬ ಆನ್‌ಲೈನ್ ಸೆಂಟರ್‌ನವನು, ಮೈಸೂರು